ಕುರ್ಚಿಯಿಂದ ಎದ್ದವರು, ಏಳದವರು

ವಾಸ್ಕೋ ಕಡೆಯ ಒಂದು ಸಣ್ಣ ಕನ್ನಡ ಶಾಲೆಯ ಗೇಟಿನ ಮುಂದೆ ಆ ರವಿವಾರ ಸಂಜೆ ನಾಲ್ಕು ಗಂಟೆಗೇ ಜನ ಸೇರತೊಡಗಿದ್ದರು. ಬಂದರಿನ ಕೂಲಿಯವರು, ಗೌಂಡಿಗಳು, ಮನೆಗೆಲಸದ ತಾಯಂದಿರು, ರಿಕ್ಷಾದವರು, ಎಲ್ಲ ಸೇರಿ ನಲವತ್ತು ಮಂದಿ ಇದ್ದರು. ವಾರಕ್ಕೊಂದೇ ರಜೆ ದೊರೆಯುವ ಜನ ಆ ರಜೆಯನ್ನು ಗೇಟಿನ ಮುಂದೆ ಕಳೆಯಲು ಬಂದಿದ್ದರೆಂದರೆ ಅವರ ಮನಸ್ಸು ಎಷ್ಟು ಕುದಿದಿರಬೇಕು! ಅವರು ಕೇಳುತ್ತಿದ್ದುದು ಒಂದೇ ಮಾತು: ಪಾಲಕರ ಸಮಿತಿಯ ಅಧ್ಯಕ್ಷರು ರಾಜೀನಾಮೆ ಕೊಡಬೇಕು.

ಅಧ್ಯಕ್ಷರು ಒಳಗೆ ಕಬ್ಬಿಣದ ಕುರ್ಚಿಯ ಮೇಲೆ ಕುಳಿತಿದ್ದರು. ಊರವರು ಅವರನ್ನು ಮೇಸ್ತ್ರಿ ಎಂದೇ ಕರೆಯುವುದು. ನವಲಗುಂದ ತಾಲೂಕಿನಿಂದ ಹದಿನೆಂಟನೆಯ ವಯಸ್ಸಿನಲ್ಲಿ ಗೋವಾಕ್ಕೆ ಬಂದು, ಗಾರೆ ಕಲಸುತ್ತ ಗೌಂಡಿಯಾಗಿ, ಗೌಂಡಿಯಿಂದ ಮೇಸ್ತ್ರಿಯಾದವರು. ಶಾಲೆಯ ಮೂರು ಕೋಣೆಗಳ ಗೋಡೆ ಎದ್ದದ್ದು ಅವರ ಕೈಯಿಂದ. ಅದಕ್ಕೆ ಅವರು ಕೂಲಿ ತೆಗೆದುಕೊಂಡಿರಲಿಲ್ಲ. ಹನ್ನೊಂದು ವರ್ಷಗಳಿಂದ ಅವರೇ ಅಧ್ಯಕ್ಷರು. ಬೇರೆಯವರು ಆಗಬೇಕೆಂದು ಯಾರೂ ಕೇಳಿರಲಿಲ್ಲ, ಅವರೂ ಕೇಳಿಸಿಕೊಂಡಿರಲಿಲ್ಲ.

ಜಗಳ ಹುಟ್ಟಿದ್ದು ಛಾವಣಿಯಿಂದ. ಮಳೆಗಾಲದಲ್ಲಿ ಸೋರುವ ತಗಡು ಬದಲಾಯಿಸಲೆಂದು ಮನೆಗೆ ಐದುನೂರು ರೂಪಾಯಿಯಂತೆ ಎರಡು ವರ್ಷ ಹಣ ಕೂಡಿಸಲಾಗಿತ್ತು. ಎರಡು ಕೋಣೆಗಳಿಗೆ ಹೊಸ ತಗಡು ಬಂತು. ಮೂರನೆಯದು ಹಾಗೆಯೇ ಉಳಿಯಿತು. ಒಂದು ಸಭೆಯಲ್ಲಿ ಒಬ್ಬ ತಾಯಿ ಲೆಕ್ಕ ಕೇಳಿದರು. ಮೇಸ್ತ್ರಿ ಲೆಕ್ಕ ಕೊಡುವ ಬದಲು, “ನನ್ನ ಮ್ಯಾಲ ನಂಬಿಕಿ ಇಲ್ಲೇನು?” ಎಂದು ಕೇಳಿದರು. ಮುಂದಿನ ಸಭೆಯಲ್ಲಿ ನಾಲ್ವರು ಕೇಳಿದರು. ಆ ಸಭೆಯನ್ನು ಅವರು ಅರ್ಧಕ್ಕೇ ಮುಗಿಸಿದರು. ಮೂರನೆಯ ಸಭೆಯನ್ನು ಕರೆಯಲೇ ಇಲ್ಲ. ಅಷ್ಟರಲ್ಲಿ ಐದು ಕುಟುಂಬಗಳು ಮಕ್ಕಳ ಟೀಸಿ ಕೇಳಿ ಅರ್ಜಿ ಬರೆದಿಟ್ಟಿದ್ದವು. ಇಂಥ ಶಾಲೆಯಲ್ಲಿ ಐದು ಟೀಸಿಯೆಂದರೆ ಒಂದು ತರಗತಿಯ ಮೂರನೆಯ ಒಂದು ಪಾಲು.

ಹಣ ಎಲ್ಲಿಯೂ ಹೋಗಿರಲಿಲ್ಲ ಎಂಬುದು ಮೇಸ್ತ್ರಿಗೆ ಗೊತ್ತಿತ್ತು. ತಗಡಿನ ಬೆಲೆ ಏರಿತ್ತು, ಸಾಗಾಟಕ್ಕೆ ಖರ್ಚಾಗಿತ್ತು, ಒಂದಷ್ಟು ಕೈಯಿಂದಲೂ ಹಾಕಿದ್ದರು. ಚೀಟಿಗಳು ಒಂದು ಬಿಸ್ಕತ್ತಿನ ಡಬ್ಬಿಯಲ್ಲಿದ್ದವು, ಕೆಲವು ಕಳೆದಿದ್ದವು. “ಇವತ್ತು ನಾನು ಇಳದ್ನೆಪಾ ಅಂದ್ರ, ಕಳ್ಳ ಅಂತ ಒಪ್ಪಿಕೊಂಡಂಗ ಆಗ್ತದ,” ಎಂದು ಅವರು ಸಮಿತಿಯ ಸದಸ್ಯರಿಗೆ ಹೇಳಿದರು. ಗೇಟಿನ ಹೊರಗೆ ಕತ್ತಲಾಗುವವರೆಗೂ ಕೂಗು ನಡೆಯಿತು. ಅವರು ಹಿಂದಿನ ಬಾಗಿಲಿನಿಂದ ಮನೆಗೆ ಹೋದರು.

ಊಟಕ್ಕೆ ಬಡಿಸುತ್ತ ಮಡದಿ ಒಂದು ಮಾತನ್ನು ನೆನಪಿಸಿದರು. 2022ರ ಜುಲೈಯಲ್ಲಿ ಕೊಲಂಬೋದ ಬೀದಿ ತುಂಬ ಜನ ಸೇರಿ ಅಧ್ಯಕ್ಷರ ನಿವಾಸದೊಳಗೇ ನುಗ್ಗಿದಾಗ, ಗೊಟಬಯ ರಾಜಪಕ್ಸೆ ದೇಶ ಬಿಟ್ಟು ಹೋಗಿ ಸಿಂಗಪುರದಿಂದ ರಾಜೀನಾಮೆ ಕಳಿಸಿದ್ದರು. 2024ರ ಆಗಸ್ಟ್ 5ರಂದು ಢಾಕಾದಲ್ಲಿ ಶೇಖ್ ಹಸೀನಾ ಹೆಲಿಕಾಪ್ಟರ್ ಏರಿದ್ದರು. ಎರಡೂ ಸಲ ಮೇಸ್ತ್ರಿ ಟಿವಿಯ ಮುಂದೆ ಕುಳಿತು, “ಮಂದಿ ಬ್ಯಾಡಂದ ಮ್ಯಾಲ ಇಳದ್ರ ಏನ್ ಗಂಟು ಹೋಗ್ತದ ಇವರದು?” ಎಂದಿದ್ದರು. ಮಡದಿ ಆ ಮಾತನ್ನಷ್ಟೇ ಹೇಳಿ, ರೊಟ್ಟಿ ತರಲು ಒಳಗೆ ಹೋದರು. ಮೇಸ್ತ್ರಿಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಅವರಿಗೆ ಊರು ನೆನಪಾಯಿತು. ಮಲಪ್ರಭೆಯ ಅಚ್ಚುಕಟ್ಟಿನ ರೈತರ ಮೇಲೆ ನೀರು ಸರಿಯಾಗಿ ಬರುವ ಮೊದಲೇ ಅಭಿವೃದ್ಧಿ ಕರದ ಹೊರೆ ಬಿದ್ದ ಕಾಲವದು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ರೈತರು ಬೀದಿಗಿಳಿದರು. ಗೋಳೀಬಾರಾಯಿತು, ರೈತರು ಸತ್ತರು. ಆ ದಿನವನ್ನು ಇಂದಿಗೂ ಅಲ್ಲಿ ಹುತಾತ್ಮರ ದಿನವೆಂದು ಆಚರಿಸುತ್ತಾರೆ. ಮೇಸ್ತ್ರಿ ಆಗ ಸಣ್ಣ ಹುಡುಗ. ಚಳವಳಿಗೆ ಹೋದ ತಂದೆ ರಾತ್ರಿ ತಡವಾಗಿ, ಕಾಲಲ್ಲಿ ಚಪ್ಪಲಿಯಿಲ್ಲದೆ, ಮನೆಗೆ ಬಂದದ್ದು ಅವರ ಕಣ್ಣಿಗೆ ಕಟ್ಟಿದೆ. ಆಗ ಮುಖ್ಯಮಂತ್ರಿಯಾಗಿದ್ದವರು ಆರ್. ಗುಂಡೂರಾವ್. ಗೋಳೀಬಾರಿನ ಬಳಿಕವೂ ಅವರು ಅಧಿಕಾರದಲ್ಲಿ ಉಳಿದರು. 1982ರಲ್ಲಿ ಗೋಕಾಕ್ ವರದಿಯ ಜಾರಿಗಾಗಿ ಕನ್ನಡಿಗರು ಮತ್ತೆ ಬೀದಿ ತುಂಬಿದರು. ನಟ ರಾಜ್‌ಕುಮಾರ್ ಅವರೇ ಮುಂದೆ ನಿಂತರು. ಸರಕಾರ ಆಗಲೂ ಉಳಿಯಿತು. ಜನ ಕಾದರು. 1983ರ ಜನವರಿಯ ಚುನಾವಣೆಯಲ್ಲಿ ಕಾಂಗ್ರೆಸ್ ಕರ್ನಾಟಕದಲ್ಲಿ ಮೊದಲ ಬಾರಿಗೆ ಅಧಿಕಾರ ಕಳೆದುಕೊಂಡಿತು. ತಂದೆ ಮತ ಹಾಕಿ ಬಂದು, ಹೊಸ ಚಪ್ಪಲಿ ಬಿಡುತ್ತ ಹೇಳಿದ ಮಾತು ಮೇಸ್ತ್ರಿಗೆ ಇನ್ನೂ ನೆನಪಿದೆ: “ಇಳೀರಿ ಅಂದ್ರ ಇಳೀಲಿಲ್ಲ. ಇಳಿಸಿ ಬಂದೀವಿ.”

ಮರುದಿನ ಬೆಳಗ್ಗೆ ಮೇಸ್ತ್ರಿ ಪಣಜಿಯ ಕೆಲಸಕ್ಕೆ ಹೊರಟರು. ಬಸ್ಸಿನಲ್ಲಿ ನಿವೃತ್ತ ಮಾಸ್ತರರೊಬ್ಬರು ಸಿಕ್ಕರು. 1970ರ ದಶಕದಲ್ಲಿ ಗದಗದ ಕಡೆಯಿಂದ ಬಂದು, ಗೋವಾದಲ್ಲೇ ಬಾಳಿದವರು. ಆ ಶಾಲೆಯ ಮಕ್ಕಳಿಗೆ ಈಗಲೂ ವಾರಕ್ಕೊಮ್ಮೆ ಗಣಿತ ಹೇಳಿಕೊಡುವವರು. ಗೇಟಿನ ಮುಂದಿನ ಸಂಗತಿ ಅವರ ಕಿವಿಗೂ ಬಿದ್ದಿತ್ತು. ಆದರೆ ಅವರು ಆ ಮಾತು ಎತ್ತಲಿಲ್ಲ. ಕುಠ್ಠಾಳಿಯಲ್ಲಿ ಕಾಲೇಜಿನ ಹುಡುಗಿಯರಿಬ್ಬರು ಹತ್ತಿ ಅರ್ಧ ಟಿಕೆಟು ತೆಗೆದುಕೊಂಡರು. ಮಾಸ್ತರರು ಆ ಟಿಕೆಟನ್ನು ತೋರಿಸಿ, “ಇದು ಹ್ಯಾಂಗ ಬಂತು ಗೊತ್ತೇನ್ರಿ ಮೇಸ್ತ್ರಿ?” ಎಂದರು.

ಮೇಸ್ತ್ರಿಗೆ ಗೊತ್ತಿರಲಿಲ್ಲ. ಝುವಾರಿ ಸೇತುವೆ ದಾಟುವಷ್ಟರಲ್ಲಿ ಮಾಸ್ತರರು ಅದನ್ನು ಹೇಳಿ ಮುಗಿಸಿದರು.

1978–79ರಲ್ಲಿ ಗೋವಾದ ವಿದ್ಯಾರ್ಥಿಗಳು ಬಸ್ ದರದಲ್ಲಿ ಶೇಕಡಾ 50 ರಿಯಾಯಿತಿ ಕೇಳಿ ಬೀದಿಗೆ ಬಂದರು. ಹಳ್ಳಿಯ ಮಕ್ಕಳು ಕಾಲೇಜಿಗಾಗಿ ಪಟ್ಟಣಕ್ಕೆ ಬರಬೇಕು, ಬಸ್ಸುಗಳೆಲ್ಲ ಖಾಸಗಿಯವರವು, ದುಡಿಯುವ ಮನೆಗೆ ಆ ಟಿಕೆಟಿನ ಹಣ ಸಣ್ಣದಲ್ಲ. ಆಗ ಮುಖ್ಯಮಂತ್ರಿಯಾಗಿದ್ದವರು ಶಶಿಕಲಾ ಕಾಕೋಡ್ಕರ್. ಗೋವಾದ ಮೊದಲ ಮುಖ್ಯಮಂತ್ರಿ ದಯಾನಂದ ಬಾಂದೋಡ್ಕರ್ ಅವರ ಹಿರಿಯ ಮಗಳು. ತಂದೆ 1973ರ ಆಗಸ್ಟ್ 12ರಂದು ತೀರಿಕೊಂಡಾಗ ಅವರ ಸ್ಥಾನಕ್ಕೆ ಬಂದು, 1977ರ ಚುನಾವಣೆಯಲ್ಲಿ ಮತ್ತೆ ಗೆದ್ದಿದ್ದರು. ಗೋವಾಕ್ಕೆ ಇದುವರೆಗೆ ಬೇರೊಬ್ಬ ಮಹಿಳಾ ಮುಖ್ಯಮಂತ್ರಿ ದೊರೆತಿಲ್ಲ. ಬೀದಿಯ ಕೂಗಿಗೆ ಅವರ ಸರಕಾರ ಸುಲಭಕ್ಕೆ ಮಣಿಯಲಿಲ್ಲ.

“ಹಂಗಾರ ಆ ಹುಡುಗರು ಅವರನ್ನ ಇಳಿಸಿದ್ರೇನು?” ಮೇಸ್ತ್ರಿ ಕೇಳಿದರು.

ಅಲ್ಲ ಎಂದರು ಮಾಸ್ತರರು. ನಮ್ಮ ಪದ್ಧತಿಯಲ್ಲಿ ಮುಖ್ಯಮಂತ್ರಿಯನ್ನು ಬೀದಿ ಇಳಿಸಲಾರದು, ಇಳಿಸುವುದು ಸದನ. ಶಾಸಕರ ಬಹುಮತವಿರುವವರೆಗೆ ಅವರು ಕೂಡಬಹುದು. ಆದರೆ ಬೀದಿಯ ಮಾತು ಒಂದಲ್ಲ ಒಂದು ದಾರಿಯಿಂದ ಸದನದೊಳಗೆ ಹೋಗಿಯೇ ಹೋಗುತ್ತದೆ. ಮೂವತ್ತು ಜನರ ಸದನದಲ್ಲಿ ಇಬ್ಬರು ಮೂವರು ಆಚೀಚೆಯಾದರೆ ಸಾಕಿತ್ತು. ಕಾಕೋಡ್ಕರ್ ಅವರನ್ನು ಸ್ವಪಕ್ಷದ ಶಾಸಕರೇ ಕೈಬಿಟ್ಟರು. 1979ರ ಏಪ್ರಿಲ್ 27ರಂದು ಗೋವಾದಲ್ಲಿ ರಾಷ್ಟ್ರಪತಿ ಆಳ್ವಿಕೆ ಬಂತು. 1980ರ ಜನವರಿಯ ಚುನಾವಣೆಯಲ್ಲಿ, 1963ರಿಂದ ಒಂದೇ ಸಮ ಆಳಿದ ಮಹಾರಾಷ್ಟ್ರವಾದಿ ಗೋಮಾಂತಕ ಪಕ್ಷ ಅಧಿಕಾರದಿಂದ ಹೊರಗುಳಿಯಿತು. ಅದೇ 1980ರಲ್ಲಿ ಸರಕಾರದ್ದೇ ಬಸ್ ನಿಗಮ ಹುಟ್ಟಿತು. ಅದಕ್ಕೆ ಗೋವಾವನ್ನು ಆಳಿದ ಕದಂಬರ ಹೆಸರಿಟ್ಟರು. ಬನವಾಸಿಯ ಕದಂಬರನ್ನು ಪಾಠದಲ್ಲಿ ಓದುವ ಕನ್ನಡ ಮಕ್ಕಳು ಆ ಹೆಸರಿನ ಬಸ್ಸಿನಲ್ಲೇ ಶಾಲೆಗೆ ಹೋಗುವುದುಂಟು.

ಪಣಜಿಯಲ್ಲಿ ಇಬ್ಬರೂ ಇಳಿದರು. ಮಾಂಡವಿಯ ದಂಡೆಯ ಮೇಲಿನ ಹಳೆಯ ಸಚಿವಾಲಯದ ಎದುರು ಮಾಸ್ತರರು ನಿಂತರು. ವಿಜಯಪುರದ ಆದಿಲ್‌ಶಾಹಿಗಳ ಅರಮನೆಯಾಗಿದ್ದ ಕಟ್ಟಡವದು. ವಿಧಾನಸಭೆ ಪರ್ವರಿಯ ಹೊಸ ಕಟ್ಟಡಕ್ಕೆ ಹೋಗುವ ಮುನ್ನ ಇಲ್ಲಿಯೇ ಸೇರುತ್ತಿತ್ತು. ಮಗಳ ಕತೆ ಹೇಳಿದೆ, ಇನ್ನು ಅಪ್ಪನ ಕತೆಯನ್ನೂ ಕೇಳಿಬಿಡಿ ಎಂದರು.

1966ರಲ್ಲಿ ಗೋವಾದ ಮುಂದೆ ಒಂದೇ ಪ್ರಶ್ನೆ ಇತ್ತು: ಮಹಾರಾಷ್ಟ್ರದಲ್ಲಿ ವಿಲೀನವಾಗುವುದೋ, ಕೇಂದ್ರಾಡಳಿತ ಪ್ರದೇಶವಾಗಿಯೇ ಉಳಿಯುವುದೋ? ಜನರನ್ನೇ ಕೇಳೋಣ ಎಂದು ದಿಲ್ಲಿ ತೀರ್ಮಾನಿಸಿತು. ಬಾಂದೋಡ್ಕರ್ ವಿಲೀನದ ಪರ. ಜಾಕ್ ಸಿಕ್ವೇರಾ ಅವರ ಯುನೈಟೆಡ್ ಗೋವನ್ಸ್ ಪಕ್ಷ ವಿರುದ್ಧ. ವಿರೋಧಿಗಳು ಒಂದು ಬೇಡಿಕೆಯಿಟ್ಟರು: ವಿಲೀನ ಬೇಕೆನ್ನುವವರೇ ಸರಕಾರ ನಡೆಸುತ್ತಿದ್ದರೆ ಜನಮತ ನ್ಯಾಯವಾಗಿ ನಡೆಯುವುದು ಹೇಗೆ? ಪೊಲೀಸರು, ತಹಶೀಲ್ದಾರರು, ಕಚೇರಿಗಳು ಎಲ್ಲವೂ ಒಂದು ಪಕ್ಷದ ಕೈಯಲ್ಲಿ. ಆದುದರಿಂದ ಮೊದಲು ಸರಕಾರ ಇಳಿಯಲಿ. ಬಾಂದೋಡ್ಕರ್ ಅವರಿಗೆ ಸದನದಲ್ಲಿ ಬಹುಮತವಿತ್ತು. ಯಾರೂ ಅವರನ್ನು ಕಳ್ಳರೆಂದಿರಲಿಲ್ಲ. ಬೇಡವೆನ್ನಲು ಕಾರಣಗಳು ಬೇಕಾದಷ್ಟಿದ್ದವು. ಆದರೂ 1966ರ ಡಿಸೆಂಬರಿನಲ್ಲಿ ಅವರ ಸರಕಾರ ರಾಜೀನಾಮೆ ಕೊಟ್ಟಿತು.

1967ರ ಜನವರಿ 16ರಂದು ಜನಮತ ನಡೆಯಿತು. ವಿಲೀನಕ್ಕೆ ಹೂವಿನ ಗುರುತು, ವಿಲೀನ ಬೇಡವೆನ್ನುವವರಿಗೆ ಎರಡು ಎಲೆಯ ಗುರುತು. ಹೂವಿಗೆ 1,38,170 ಮತ ಬಿದ್ದವು, ಎಲೆಗೆ 1,72,191. ಅಂತರ 34,021. ಬಾಂದೋಡ್ಕರ್ ಸೋತರು. ಕುರ್ಚಿ ಬಿಟ್ಟು, ತಾವು ನಂಬಿದ್ದನ್ನೂ ಕಳೆದುಕೊಂಡರು.

“ಮತ್ತ? ಬಿಟ್ಟು ಏನ್ ಸಾಧಿಸಿದ್ರು?” ಎಂದರು ಮೇಸ್ತ್ರಿ. ಅವರ ದನಿ ಸ್ವಲ್ಪ ಏರಿತ್ತು.

“ತಡೀರಿ,” ಎಂದರು ಮಾಸ್ತರರು. “ಎರಡೇ ತಿಂಗಳಿಗೆ ವಿಧಾನಸಭಾ ಚುನಾವಣೆ ಬಂತು. ವಿಲೀನ ಬ್ಯಾಡ ಅಂದ ಅದೇ ಮಂದಿ, ಅದೇ ಮನುಷ್ಯಾನ ಪಕ್ಷಕ್ಕ ಮೂವತ್ತರಾಗ ಹದಿನಾರು ಸೀಟು ಕೊಟ್ಟು ಮತ್ತ ಮುಖ್ಯಮಂತ್ರಿ ಮಾಡಿದ್ರು. ನಿಮ್ಮ ಮಾತು ಬ್ಯಾಡ, ಆದ್ರ ನೀವು ಬೇಕು ಅಂದ್ರು. ಸಾಯೂತನಕ ಅವರು ಆ ಕುರ್ಚಿ ಮ್ಯಾಲೇ ಇದ್ರು.”

ಕರ್ನಾಟಕದಲ್ಲೂ ಅಂಥದೊಂದು ಘಟನೆ ನಡೆದಿದೆ. 1984ರ ಕೊನೆಯ ಲೋಕಸಭಾ ಚುನಾವಣೆಯಲ್ಲಿ ಜನತಾ ಪಕ್ಷಕ್ಕೆ ರಾಜ್ಯದ 28 ಸ್ಥಾನಗಳಲ್ಲಿ ದೊರೆತದ್ದು 4. ಅದು ದಿಲ್ಲಿಯ ಚುನಾವಣೆ, ಬೆಂಗಳೂರಿನ ಸರಕಾರಕ್ಕೆ ಸಂಬಂಧಿಸಿದ್ದಲ್ಲ ಎಂದು ರಾಮಕೃಷ್ಣ ಹೆಗಡೆ ಹೇಳಬಹುದಿತ್ತು. ಕಾನೂನೂ ಅವರ ಪರವಾಗಿತ್ತು. ಅವರು ಹಾಗೆ ಹೇಳದೆ, ನನ್ನ ಮೇಲೆ ಜನರಿಗಿದ್ದ ನಂಬಿಕೆಯನ್ನು ಮತ್ತೆ ಕೇಳಿ ನೋಡುತ್ತೇನೆಂದು ರಾಜೀನಾಮೆ ಕೊಟ್ಟರು. 1985ರ ಮಾರ್ಚಿನಲ್ಲಿ ಜನತಾ ಪಕ್ಷ 139 ಸ್ಥಾನ ಗೆದ್ದಿತು. ಇಳಿದವರೆಲ್ಲ ಹೀಗೆ ಮರಳಿ ಬರುತ್ತಾರೆಂದಲ್ಲ. ಬರುವ ಭರವಸೆಯಿದ್ದರಷ್ಟೇ ಇಳಿಯುವೆನೆಂದರೆ ಅದು ಇಳಿಯುವುದೂ ಅಲ್ಲ.

ಹಾಗೆಂದು ಗುಂಪು ಸೇರಿ ಕೂಗಿದಾಗಲೆಲ್ಲ ಮುಖಂಡ ಎದ್ದು ಹೋಗಬೇಕೆಂಬ ನಿಯಮವೂ ಒಳ್ಳೆಯದಲ್ಲ. ಗುಂಪು ತಪ್ಪಿರಬಹುದು. ಪ್ರಾಮಾಣಿಕನೊಬ್ಬನನ್ನು ಹೊರಹಾಕಲೆಂದೇ ಗುಂಪು ಕೂಡಿಸುವವರೂ ಉಂಟು. ಅಂಥಲ್ಲಿ ಗಟ್ಟಿಯಾಗಿ ಕೂಡುವುದೇ ಕರ್ತವ್ಯ. ಹಾಗಾದರೆ ಯಾವಾಗ ಏಳಬೇಕು, ಯಾವಾಗ ಕೂಡಬೇಕು? ಮಾಸ್ತರರು ಇದಕ್ಕೆ ಗಣಿತದವರಂತೆ ಉತ್ತರಿಸಿದರು. ಎದ್ದಿರುವ ಪ್ರಶ್ನೆಯನ್ನು ನೀವು ಕುಳಿತಿರುವಾಗಲೇ ನ್ಯಾಯವಾಗಿ ಪರೀಕ್ಷಿಸಲು ಸಾಧ್ಯವೋ? ಸಾಧ್ಯವಿದ್ದರೆ ಕೂಡಿ. ಪ್ರಶ್ನೆ ನಿಮ್ಮ ಮೇಲೆಯೇ ಇದ್ದು, ತಕ್ಕಡಿಯೂ ನಿಮ್ಮ ಕೈಯಲ್ಲೇ ಇದ್ದರೆ, ತೂಕ ಎಷ್ಟೇ ಸರಿಯಾಗಿದ್ದರೂ ಜನ ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ. ಬಾಂದೋಡ್ಕರ್ ಇಳಿದದ್ದು ತಪ್ಪು ಮಾಡಿದ್ದಕ್ಕಲ್ಲ, ತಕ್ಕಡಿ ಬೇರೆಯವರ ಕೈಯಲ್ಲಿರಲೆಂದು.

ಮೇಸ್ತ್ರಿ ಮಾತಾಡಲಿಲ್ಲ. ಅವರು ಬಂದ ಕೆಲಸಕ್ಕೆ ತಡವಾಗಿತ್ತು. ಬೀಳ್ಕೊಳ್ಳುವಾಗ ಮಾಸ್ತರರು ಮಗಳ ಕತೆಯ ಉಳಿದ ಭಾಗವನ್ನೂ ಹೇಳಿದರು. ಅಧಿಕಾರ ಕಳೆದುಕೊಂಡ ಶಶಿಕಲಾ ಕಾಕೋಡ್ಕರ್ ಅಲ್ಲಿಗೇ ಮುಗಿಯಲಿಲ್ಲ. 1990ರಲ್ಲಿ ಶಿಕ್ಷಣ ಮಂತ್ರಿಯಾಗಿ, ಪ್ರಾದೇಶಿಕ ಭಾಷೆಗಳಲ್ಲಿ ಕಲಿಸುವ ಪ್ರಾಥಮಿಕ ಶಾಲೆಗಳಿಗಷ್ಟೇ ಸರಕಾರದ ಅನುದಾನವೆಂಬ ನೀತಿ ತಂದರು. 2011ರಲ್ಲಿ ದಿಗಂಬರ ಕಾಮತ್ ಅವರ ಸರಕಾರ ಇಂಗ್ಲಿಷ್ ಮಾಧ್ಯಮದ ಪ್ರಾಥಮಿಕ ಶಾಲೆಗಳಿಗೂ ಅನುದಾನ ಕೊಡಹೊರಟಾಗ, ಎಪ್ಪತ್ತಾರರ ವಯಸ್ಸಿನಲ್ಲಿ, ಭಾರತೀಯ ಭಾಷಾ ಸುರಕ್ಷಾ ಮಂಚದ ಮುಂಚೂಣಿಯಲ್ಲಿ ನಿಂತು ಚಳವಳಿ ಮಾಡಿದರು. ಒಂದು ಕಾಲಕ್ಕೆ ವಿದ್ಯಾರ್ಥಿಗಳ ಕೂಗನ್ನು ಕುರ್ಚಿಯ ಮೇಲಿಂದ ಕೇಳಿದವರು ಈಗ ತಾವೇ ಬೀದಿಯಲ್ಲಿ ನಿಂತು ಕೂಗಿದರು. 2016ರ ಅಕ್ಟೋಬರ್ 28ರಂದು ತೀರಿಕೊಂಡರು. ಮಕ್ಕಳು ಮೊದಲು ಮನೆಯ ಮಾತಿನಲ್ಲಿ ಕಲಿಯಬೇಕೆಂಬ ಅವರ ವಾದ ಕೊಂಕಣಿ, ಮರಾಠಿಗಳವರದಾದರೂ, ಕನ್ನಡ ಶಾಲೆಯ ಪಾಲಕರಿಗೆ ಅಪರಿಚಿತವಲ್ಲ. ಕುರ್ಚಿ ಹೋದಮೇಲೆ ಮನುಷ್ಯನಿಗೆ ಕೆಲಸ ಉಳಿದಿರುತ್ತದೆ ಎಂಬುದಕ್ಕೆ ಮಾಸ್ತರರು ಈ ಮಾತು ಹೇಳಿದ್ದು.

ಬುಧವಾರ ಸಂಜೆ ಮೇಸ್ತ್ರಿ ತಾವಾಗಿಯೇ ಪಾಲಕರನ್ನು ಕರೆಸಿದರು. ಬಿಸ್ಕತ್ತಿನ ಡಬ್ಬಿಯನ್ನು ಮೇಜಿನ ಮೇಲಿಟ್ಟರು, ಬ್ಯಾಂಕಿನ ಪಾಸ್‌ಬುಕ್ ಇಟ್ಟರು, ಶಾಲೆಯ ಬೀಗದ ಕೈ ಇಟ್ಟರು. “ಚೀಟಿ ಕೆಲವು ಕಳದಾವ. ಅದು ನನ್ನ ತಪ್ಪು. ರೊಕ್ಕ ತಿಂದಿಲ್ಲ. ಆದ್ರ ಅದನ್ನ ನಾನ ಹೇಳಿದ್ರ ಆಗೂದಿಲ್ಲ, ನೀವು ನೋಡಿ ಹೇಳಬೇಕು. ಅಲ್ಲೀತನಕ ಬ್ಯಾರೆಯವರು ಕೂಡ್ರಲಿ,” ಎಂದರು. ಇಷ್ಟು ಹೇಳಲು ಅವರಿಗೆ ಬಹಳ ಹೊತ್ತು ಹಿಡಿಯಿತು. ಆಮೇಲೆ ಕುರ್ಚಿಯಿಂದ ಎದ್ದು, ಮಕ್ಕಳು ಕೂಡುವ ಜಮಖಾನೆಯ ಮೇಲೆ, ಪಾಲಕರ ನಡುವೆ ಕುಳಿತರು. ಒಬ್ಬಿಬ್ಬರು ಸರಿದು ಜಾಗ ಕೊಟ್ಟರು. ಒಬ್ಬರು ಮುಖ ತಿರುಗಿಸಿಕೊಂಡರು.

ಲೆಕ್ಕ ನೋಡಲು ಮೂವರನ್ನು ಆರಿಸಿದರು. ಅವರಿಗೆ ಆರು ವಾರ ಹಿಡಿಯಿತು. ತಗಡಿನ ಅಂಗಡಿಗೆ ಹೋಗಿ ಹಳೆಯ ಬಿಲ್ಲುಗಳ ನಕಲು ತಂದರು. ಕೊನೆಗೆ ಸಾವಿರದ ಎಂಟುನೂರು ರೂಪಾಯಿಗೆ ಮಾತ್ರ ಆಧಾರ ದೊರೆಯಲಿಲ್ಲ. ಅದನ್ನು ಮೇಸ್ತ್ರಿ ಕಟ್ಟಿದರು. ಕಳ್ಳತನದ ಮಾತು ಅಲ್ಲಿಗೆ ನಿಂತಿತು. ಆದರೆ ಬಾಂದೋಡ್ಕರ್ ಅವರಂತೆ ಮೇಸ್ತ್ರಿಯನ್ನು ಯಾರೂ ಮರಳಿ ಕರೆಯಲಿಲ್ಲ. ಮೊದಲು ಲೆಕ್ಕ ಕೇಳಿದ ಆ ತಾಯಿಯನ್ನೇ ಅಧ್ಯಕ್ಷರನ್ನಾಗಿ ಮಾಡಿದರು. ಏಳನೆಯ ತರಗತಿಯವರೆಗೆ ಓದಿದ ಆಕೆ ಮೂರು ಮನೆಗಳಲ್ಲಿ ಕೆಲಸ ಮಾಡುತ್ತಾರೆ. ಪ್ರತಿ ತಿಂಗಳ ಕೊನೆಗೆ ಜಮಾ ಖರ್ಚನ್ನು ಕರಿಹಲಗೆಯ ಮೇಲೆ ಬರೆಸುತ್ತಾರೆ.

ಟೀಸಿಗೆ ಅರ್ಜಿ ಬರೆದಿದ್ದ ಐದು ಕುಟುಂಬಗಳಲ್ಲಿ ಮೂರು ಅರ್ಜಿ ಹಿಂತೆಗೆದುಕೊಂಡವು. ಎರಡು ಮಕ್ಕಳು ಹೋದರು.

ಮಳೆಗೆ ಮುಂಚಿನ ಒಂದು ರವಿವಾರ, ಮೂರನೆಯ ಕೋಣೆಗೆ ತಗಡು ಬಂತು. ಹೊಸ ಅಧ್ಯಕ್ಷರು ಮೇಸ್ತ್ರಿಯ ಮನೆಗೆ ಹೋಗಿ, “ಅಣ್ಣಾರ, ನೀವು ಬಂದು ಹಾಕಿಕೊಟ್ರ ಕೂಲಿ ಉಳೀತದ,” ಎಂದರು. ಮೇಸ್ತ್ರಿ ಏಣಿ ತೆಗೆದುಕೊಂಡು ಬಂದರು. ಅವರ ಮಗಳು ಕೆಳಗೆ ನಿಂತು ಮೊಳೆ ಕೊಡುತ್ತಿದ್ದಳು. ಕೆಲಸ ಮುಗಿದಾಗ ಅಧ್ಯಕ್ಷರು ಚಹಾ ಕೊಟ್ಟು, ಮೊಳೆಯ ಚೀಟಿ ಕೇಳಿದರು. ಮೇಸ್ತ್ರಿ ಅಂಗಿಯ ಕಿಸೆಯಿಂದ ಅದನ್ನು ತೆಗೆದು ಕೊಟ್ಟರು.